ಸ್ವಂತ ವಿಮಾನಕ್ಕೆ ಹಳೆ ಎಂಜಿನ್: ಮುಂಗಡ ಕೊಡುವ ಮುಂಚೆ ನೋಡಬೇಕಾದದ್ದು

ಕಿಟ್ ತರಿಸಿಕೊಂಡೋ ನಕ್ಷೆ ನೋಡಿಕೊಂಡೋ ಮನೆಯ ಶೆಡ್ಡಿನಲ್ಲಿ ಸಣ್ಣ ವಿಮಾನ ಕಟ್ಟುವವರಿಗೆ ರೆಕ್ಕೆ, ಬಾಲ, ಒಡಲು ಒಂದು ಹಂತಕ್ಕೆ ಬಂದ ಮೇಲೆ ಎದುರಾಗುವ ದೊಡ್ಡ ಖರ್ಚು ಎಂಜಿನ್‌ನದು. ಹೊಸ ಎಂಜಿನ್‌ನ ಬೆಲೆ ಉಳಿದ ಇಡೀ ವಿಮಾನದ ಖರ್ಚನ್ನೂ ಮೀರಬಹುದಾದ್ದರಿಂದ ಹೆಚ್ಚಿನವರ ಕಣ್ಣು ಬಳಸಿದ ಎಂಜಿನ್ ಕಡೆ ಹೋಗುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಸರಿಯಾಗಿ ನೋಡಿ ತಂದ ಹಳೆ ಎಂಜಿನ್ ನೂರಾರು ಗಂಟೆ ನಂಬಿಕೆಯಿಂದ ಓಡುತ್ತದೆ. ಆದರೆ ಬಣ್ಣ ಬಳಿದ ಸಿಲಿಂಡರ್‌ಗಳ ಫೋಟೋ ನೋಡಿ ಮುಂಗಡ ಕಳಿಸುವುದು ನೀರೊಳಗಿನ ಎಮ್ಮೆಗೆ ಬೆಲೆ ಕಟ್ಟಿದ ಹಾಗೆ. ಈ ವ್ಯಾಪಾರದಲ್ಲಿ ಬೆಲೆ ಇರುವುದು ಎರಡಕ್ಕೆ ಮಾತ್ರ: ಪ್ರೊಪೆಲ್ಲರ್ ತಿರುಗಿಸುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟ್ ಮತ್ತು ಅದನ್ನು ಹಿಡಿದಿಡುವ ಕವಚವಾದ ಕ್ರ್ಯಾಂಕ್‌ಕೇಸ್ ಎಂಬ ಬೆನ್ನೆಲುಬಿಗೆ, ಹಾಗೂ ಆ ಎಂಜಿನ್ ಎಲ್ಲಿ, ಹೇಗೆ, ಎಷ್ಟು ದಿನ ಬದುಕಿತ್ತು ಎಂದು ಹೇಳುವ ಕಾಗದಗಳಿಗೆ. ಮಿಕ್ಕ ಭಾಗಗಳನ್ನೆಲ್ಲ ಬದಲಾಯಿಸಬಹುದು.

ನಮ್ಮ ಹೊಸೂರು ಸೀಮೆಯವರಿಗೆ ಈ ವಿಷಯ ತೀರ ದೂರದ್ದಲ್ಲ. ಡೆಂಕಣಿಕೋಟೆ ತಾಲೂಕಿನ ಬೆಳಗೊಂಡಪಳ್ಳಿಯಲ್ಲಿ ತನೇಜಾ ಏರೋಸ್ಪೇಸ್‌ನ ಖಾಸಗಿ ರನ್‌ವೇ ಇದೆ. ಇಟಲಿಯ ಪಾರ್ಟೆನಾವಿಯಾ ಪಿ68ಸಿ ಎಂಬ ಎರಡು ಎಂಜಿನ್‌ಗಳ ವಿಮಾನ ಒಂದು ಕಾಲದಲ್ಲಿ ಅಲ್ಲೇ ತಯಾರಾಗುತ್ತಿತ್ತು, ಅದರ ಎರಡೂ ಎಂಜಿನ್‌ಗಳು 200 ಅಶ್ವಶಕ್ತಿಯ ಲೈಕಮಿಂಗ್ ಐಓ-360. ಅದಕ್ಕಿಂತ ಮುಖ್ಯವಾಗಿ, ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಸುತ್ತಲಿನ ಯಂತ್ರಶಾಲೆಗಳಲ್ಲಿ ಮೈಕ್ರಾನ್ ಲೆಕ್ಕದಲ್ಲಿ ಅಳೆಯುವ ಉಪಕರಣಗಳೂ ಅವನ್ನು ದಿನವಿಡೀ ಬಳಸುವ ಕೈಗಳೂ ಇವೆ. ನಾನೂ ಅಂಥ ಒಂದು ಅಳತೆ ಕೋಣೆಯಲ್ಲೇ ಕೆಲಸ ಮಾಡಿದವನಾದ್ದರಿಂದ ಈ ಲೇಖನದಲ್ಲಿ ಅಳೆಯುವ ಕೆಲಸಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ಅನುಮತಿ

ಎಂಜಿನ್ ಹುಡುಕುವುದಕ್ಕೂ ಮುಂಚೆ, ನೀವು ಕಟ್ಟುತ್ತಿರುವ ವಿಮಾನಕ್ಕೆ ಯಾವ ಎಂಜಿನ್ ಕೂರಿಸಲು ಒಪ್ಪಿಗೆ ಸಿಗುತ್ತದೆ ಎಂಬುದನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದಿಂದ, ಅಂದರೆ ಡಿಜಿಸಿಎಯಿಂದ, ಬರಹದಲ್ಲೇ ಪಡೆದುಕೊಳ್ಳಿ. 1934ರ ವಿಮಾನ ಕಾಯ್ದೆಯ ಜಾಗದಲ್ಲಿ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಜಾರಿಗೆ ಬಂದಿರುವುದರಿಂದ ಹಳೆಯ ಅರ್ಜಿಗಳ ನಕಲು ನೋಡಿಕೊಂಡು ಮುಂದುವರಿಯುವುದು ಕ್ಷೇಮವಲ್ಲ. ಮುಂಬೈಯಲ್ಲಿ ಮನೆಯ ತಾರಸಿಯ ಮೇಲೆ ವಿಮಾನ ಕಟ್ಟಿದ ಅಮೋಲ್ ಯಾದವ್ ಅವರಿಗೆ ನೋಂದಣಿ ಸಿಕ್ಕಿದ್ದು 2017ರಲ್ಲಿ, ಅದೂ ವರ್ಷಗಟ್ಟಲೆ ಓಡಾಡಿದ ಮೇಲೆ. ಈ ಓಡಾಟದ ಕಾಲವನ್ನು ಎಂಜಿನ್ ಖರೀದಿಯ ಲೆಕ್ಕಕ್ಕೂ ಸೇರಿಸಿಕೊಳ್ಳಬೇಕು. ಇವತ್ತು ತಂದ ಎಂಜಿನ್ ಅನುಮತಿಗಾಗಿ ಮೂರು ವರ್ಷ ಮೂಲೆಯಲ್ಲಿ ಕಾದರೆ ಅದು ಹಾಳಾಗುವ ರೀತಿಯೇ ಬೇರೆ. ಅದನ್ನು ಮುಂದೆ ಹೇಳುತ್ತೇನೆ.

ಯಾವ ಎಂಜಿನ್?

ವಿಮಾನದ ವಿನ್ಯಾಸಕಾರರು ಹೇಳಿದ ಶಕ್ತಿ ಮತ್ತು ತೂಕದ ಮಿತಿಯನ್ನು ಮೀರಬೇಡಿ. ಲೈಕಮಿಂಗ್ ಓ-320 ಮಾದರಿ 150 ಅಥವಾ 160 ಅಶ್ವಶಕ್ತಿಯದು, ತೂಕ ಸುಮಾರು 110 ಕಿಲೋ. ಕಾಂಟಿನೆಂಟಲ್ ಓ-200 ನೂರು ಅಶ್ವಶಕ್ತಿಯದು. ರೋಟ್ಯಾಕ್ಸ್ 912 ಯುಎಲ್‌ಎಸ್ ಕೂಡ ನೂರು ಅಶ್ವಶಕ್ತಿಯದೇ ಆದರೂ ತೂಕ ಸುಮಾರು 60 ಕಿಲೋ ಮಾತ್ರ. ಅದು ನಿಮಿಷಕ್ಕೆ 5800 ಸುತ್ತಿನವರೆಗೆ ತಿರುಗಿ ಗೇರ್‌ಬಾಕ್ಸ್ ಮೂಲಕ ಪ್ರೊಪೆಲ್ಲರ್ ಓಡಿಸುತ್ತದೆ. ಲೈಕಮಿಂಗ್ ಹೆಸರಿನಲ್ಲಿರುವ ಅಂಕಿ ಸಿಲಿಂಡರ್‌ಗಳ ಒಟ್ಟು ಗಾತ್ರವನ್ನು ಘನ ಅಂಗುಲದಲ್ಲಿ ಹೇಳುತ್ತದೆ: 320 ಎಂದರೆ ಸುಮಾರು 5.2 ಲೀಟರ್. ಅಂಕಿಯ ನಂತರ ಬರುವ ಅಕ್ಷರಗಳನ್ನು ಇನ್ನೂ ಹೆಚ್ಚು ಗಮನವಿಟ್ಟು ಓದಬೇಕು, ಏಕೆಂದರೆ ಎಂಜಿನ್ ಕೂರಿಸುವ ಚೌಕಟ್ಟಾದ ಮೌಂಟ್‌ನ ಆಕಾರ, ಕ್ರ್ಯಾಂಕ್‌ಶಾಫ್ಟ್ ಟೊಳ್ಳೋ ಗಟ್ಟಿಯೋ, ಸ್ಪಾರ್ಕ್ ಪ್ಲಗ್‌ಗಳಿಗೆ ಕಿಡಿಯ ವಿದ್ಯುತ್ ಕೊಡುವ ಎರಡು ಮ್ಯಾಗ್ನೆಟೊ ಬೇರೆಬೇರೆಯೋ ಒಂದೇ ಡಬ್ಬಿಯಲ್ಲಿವೆಯೋ ಎಂಬುದೆಲ್ಲ ಅಲ್ಲೇ ಅಡಗಿರುತ್ತದೆ. ಮೌಂಟ್ ಹೊಂದದಿದ್ದರೆ ಎಷ್ಟು ಅಗ್ಗದ ಎಂಜಿನ್ನೂ ದುಬಾರಿಯೇ. 1970ರ ದಶಕದ ಕೊನೆಯಲ್ಲಿ ಸೆಸ್ನಾ 172ರಲ್ಲಿ ಬಂದ ಓ-320-ಎಚ್2ಎಡಿ ಮಾದರಿಗೆ ವಾಲ್ವ್‌ಗಳನ್ನು ತೆರೆಯುವ ಭಾಗಗಳಾದ ಕ್ಯಾಮ್ ಮತ್ತು ಟ್ಯಾಪೆಟ್‌ಗಳ ಸವೆತದ ಹಳೆಯ ಕೆಟ್ಟ ಹೆಸರಿದೆ. ಅಗ್ಗವಾಗಿ ಕಂಡರೆ ಕಾರಣ ಅದೇ ಇರಬಹುದು. ಕಾರಿನ ಎಂಜಿನ್ ಮಾರ್ಪಡಿಸಿ ಹಾರಿಸುವವರೂ ಇದ್ದಾರೆ, ಆದರೆ ಮೊದಲ ವಿಮಾನ ಕಟ್ಟುವವರಿಗೆ ನಾನು ಆ ದಾರಿ ಹೇಳುವುದಿಲ್ಲ.

ನಮ್ಮ ಊರಿಗೇ ಸಂಬಂಧಿಸಿದ ಎರಡು ಸಂಗತಿಗಳಿವೆ. ಹೊಸೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆ. ಟರ್ಬೋ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ಶೇಕಡ 3ರಷ್ಟು ಶಕ್ತಿ ಕಳೆದುಕೊಳ್ಳುವುದರಿಂದ 160 ಅಶ್ವಶಕ್ತಿಯ ಎಂಜಿನ್ ಇಲ್ಲಿ ರನ್‌ವೇ ಮೇಲೆಯೇ 145ರ ಆಸುಪಾಸಿಗೆ ಇಳಿಯುತ್ತದೆ, ಏಪ್ರಿಲ್ ತಿಂಗಳ ಮಧ್ಯಾಹ್ನ ಇನ್ನೂ ಕಡಿಮೆ. ನೂರು ಅಶ್ವಶಕ್ತಿಯೇ ಕನಿಷ್ಠ ಎಂದು ವಿನ್ಯಾಸಕಾರರು ಹೇಳಿದ್ದರೆ ಸರಿಯಾಗಿ ನೂರರ ಎಂಜಿನ್ ತರಬೇಡಿ.

ಎರಡನೆಯದು ಇಂಧನ. ಅತ್ತಿಬೆಲೆಯಲ್ಲಾಗಲಿ ಹೊಸೂರಿನಲ್ಲಾಗಲಿ ಬಂಕಿನಲ್ಲಿ ಈಗ ಸಿಗುವುದು ಶೇಕಡ 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲ್. ರೋಟ್ಯಾಕ್ಸ್ 912 ಯುಎಲ್‌ಎಸ್‌ಗೆ ತಯಾರಕರು ಒಪ್ಪಿರುವುದು ಶೇಕಡ 10ರವರೆಗಿನ ಎಥನಾಲ್ ಮಾತ್ರ. ಲೈಕಮಿಂಗ್ ಎಥನಾಲ್ ಬೆರೆತ ಪೆಟ್ರೋಲನ್ನು ಒಪ್ಪುವುದೇ ಇಲ್ಲ. ಎಥನಾಲ್ ಗಾಳಿಯಿಂದ ನೀರು ಹೀರಿಕೊಳ್ಳುತ್ತದೆ, ಹಳೆಯ ರಬ್ಬರ್ ಕೊಳವೆ ಮತ್ತು ಸೀಲ್‌ಗಳನ್ನು ಉಬ್ಬಿಸುತ್ತದೆ. ಹಳೆ ಎಂಜಿನ್ ಜೊತೆ ಬರುವ ಕಾರ್ಬುರೇಟರ್‌ನಲ್ಲಿ ಇಂಥ ಭಾಗಗಳೇ ಹೆಚ್ಚು. ಹಾಗಾಗಿ "ಬಂಕಿನ ಪೆಟ್ರೋಲಲ್ಲೇ ಓಡುತ್ತದೆ" ಎಂಬ ವಿದೇಶಿ ಮಾರಾಟಗಾರರ ಮಾತು ಅವರ ದೇಶದ ಪೆಟ್ರೋಲಿಗೆ ಸಂಬಂಧಿಸಿದ್ದು. ವಿಮಾನದ ಪೆಟ್ರೋಲಾದ ಅವ್‌ಗ್ಯಾಸ್ 100 ಎಲ್‌ಎಲ್ ಅನ್ನು ಇಂಡಿಯನ್ ಆಯಿಲ್ 2022ರಲ್ಲಿ ದೇಶದಲ್ಲೇ ತಯಾರಿಸಿ ಮಾರಲು ತೊಡಗಿತು. ಅದು ನೀವು ಹಾರುವ ಜಾಗಕ್ಕೆ ಹೇಗೆ, ಎಷ್ಟರ ಪ್ರಮಾಣದಲ್ಲಿ, ಯಾವ ಬೆಲೆಗೆ ತಲುಪುತ್ತದೆ ಎಂದು ಎಂಜಿನ್ ಆಯ್ಕೆಗೂ ಮುಂಚೆ ವಿಚಾರಿಸಿಕೊಳ್ಳಿ.

ಕಾಗದ ಓದುವ ಕ್ರಮ

ಮಾರಾಟಗಾರರಿಂದ ಎಂಜಿನ್ ಓಡಿದ ಗಂಟೆ ಮತ್ತು ರಿಪೇರಿಗಳನ್ನು ಬರೆದಿಡುವ ಲಾಗ್‌ಬುಕ್‌ನ ಪ್ರತಿ ಪುಟದ ಸ್ಕ್ಯಾನ್ ಕೇಳಿ. "ಮುಖ್ಯ ಪುಟ ಕಳಿಸಿದ್ದೇನೆ" ಎಂದರೆ ಒಪ್ಪಬೇಡಿ. ಲಾಗ್‌ಬುಕ್ ಕಳೆದುಹೋಗಿದೆ ಎಂದರೆ ಆ ಎಂಜಿನ್‌ಗೆ ಓವರ್‌ಹಾಲ್, ಅಂದರೆ ಬಿಚ್ಚಿ ಪರೀಕ್ಷಿಸಿ ಸರಿಪಡಿಸಿ ಮತ್ತೆ ಜೋಡಿಸುವ ಕೆಲಸ, ಮಾಡಬೇಕಾದ ಕಚ್ಚಾ ಮಾಲಿನ ಬೆಲೆ ಮಾತ್ರ ಕೊಡಬಹುದು.

ಮೊದಲು ನೋಡಬೇಕಾದದ್ದು ಎರಡು ಗಂಟೆ ಲೆಕ್ಕಗಳು: ಹುಟ್ಟಿದಾಗಿನಿಂದ ಎಷ್ಟು, ಕೊನೆಯ ಪೂರ್ಣ ಓವರ್‌ಹಾಲ್ ಆದಮೇಲೆ ಎಷ್ಟು. ಲೈಕಮಿಂಗ್ ಓ-320ಕ್ಕೆ ತಯಾರಕರು ಸಾಮಾನ್ಯವಾಗಿ ಹೇಳುವ ಓವರ್‌ಹಾಲ್ ಅವಧಿ 2000 ಗಂಟೆ ಅಥವಾ 12 ವರ್ಷ, ಯಾವುದು ಮೊದಲೋ ಅದು. ಈ "12 ವರ್ಷ" ಎಂಬ ಅರ್ಧವನ್ನು ಜಾಹೀರಾತುಗಳು ಹೇಳುವುದೇ ಇಲ್ಲ. ಓವರ್‌ಹಾಲ್ ಎಂದರೇನು ಎಂಬುದನ್ನೂ ಬಿಡಿಸಿ ಕೇಳಬೇಕು. ಸಿಲಿಂಡರ್‌ಗಳನ್ನಷ್ಟೇ ಬಿಚ್ಚಿ ಸರಿಪಡಿಸಿದ್ದು ಟಾಪ್ ಓವರ್‌ಹಾಲ್, ಅದರಿಂದ ಗಂಟೆ ಲೆಕ್ಕ ಸೊನ್ನೆಗೆ ಬರುವುದಿಲ್ಲ. ಪೂರ್ಣ ಓವರ್‌ಹಾಲ್‌ನಲ್ಲೂ ಭಾಗಗಳನ್ನು ಹೊಸ ಎಂಜಿನ್‌ನ ಅಳತೆಗೆ ತಂದರೋ, ಬಳಕೆಯ ಮಿತಿಯೊಳಗಿದ್ದರೆ ಸಾಕೆಂದು ಬಿಟ್ಟರೋ ಎಂಬ ವ್ಯತ್ಯಾಸ ಬಹಳ ದೊಡ್ಡದು. ಹುಟ್ಟಿದಾಗಿನ ಲೆಕ್ಕವನ್ನೇ ಸೊನ್ನೆಯಿಂದ ಶುರುಮಾಡುವ ಅಧಿಕಾರ ಅಮೆರಿಕದ ನಿಯಮದ ಪ್ರಕಾರ ತಯಾರಕರಿಗೆ ಅಥವಾ ಅವರು ಒಪ್ಪಿದ ಸಂಸ್ಥೆಗೆ ಮಾತ್ರ ಇದೆ.

ನಂತರ ಒಂದು ಹಾಳೆಯಲ್ಲಿ ವರ್ಷದ ಪ್ರಕಾರ ಗಂಟೆಗಳನ್ನು ಬರೆಯಿರಿ. ಈ ಅರ್ಧ ಗಂಟೆಯ ಕೆಲಸ ಇಡೀ ಖರೀದಿಯಲ್ಲಿ ಅತಿ ಹೆಚ್ಚು ಫಲ ಕೊಡುವಂಥದ್ದು. ಓವರ್‌ಹಾಲ್ ಆಗಿ 18 ವರ್ಷ, ಓಡಿದ್ದು 900 ಗಂಟೆ ಎಂದರೆ ವರ್ಷಕ್ಕೆ 50 ಗಂಟೆ ಎಂದು ಮನಸ್ಸು ಸರಾಸರಿ ಹಾಕುತ್ತದೆ. ಬರೆದು ನೋಡಿದರೆ ಮೊದಲ ಆರು ವರ್ಷದಲ್ಲೇ 800 ಗಂಟೆ ಮುಗಿದು, ಆಮೇಲಿನ ಹನ್ನೆರಡು ವರ್ಷದಲ್ಲಿ ಬರೀ 100 ಗಂಟೆ ಓಡಿರುವುದು ಕಾಣಬಹುದು. ಅಂಥ ಎಂಜಿನ್‌ಗಿಂತ, ಹಾರಾಟದ ಶಾಲೆಯಲ್ಲಿ ಬಿಡುವಿಲ್ಲದೆ ಎಂಟು ವರ್ಷಕ್ಕೆ 1500 ಗಂಟೆ ದುಡಿದ ಎಂಜಿನ್ನನ್ನೇ ನಾನು ಆರಿಸುತ್ತೇನೆ.

ಕಾರಣ ಲೈಕಮಿಂಗ್‌ನ ಒಳರಚನೆಯಲ್ಲಿದೆ. ಅದರ ಕ್ಯಾಮ್‌ಶಾಫ್ಟ್ ಇರುವುದು ಕ್ರ್ಯಾಂಕ್‌ಶಾಫ್ಟ್‌ನ ಮೇಲುಗಡೆ. ಎಂಜಿನ್ ನಿಂತ ಮೇಲೆ ಎಣ್ಣೆ ನಿಧಾನವಾಗಿ ಕೆಳಗಿಳಿದು ಕ್ಯಾಮ್‌ನ ಉಬ್ಬುಗಳು ಬರಿದಾಗುತ್ತವೆ. ಒಳಗೆ ಉಳಿದ ತೇವ ಅಲ್ಲಿ ತುಕ್ಕಿನ ಸೂಕ್ಷ್ಮ ಚುಕ್ಕೆಗಳನ್ನು ಎಬ್ಬಿಸುತ್ತದೆ. ಮತ್ತೆ ಓಡಿಸಿದಾಗ ಆ ಚುಕ್ಕೆಗಳಿಂದಲೇ ಗಟ್ಟಿ ಮೇಲ್ಪದರ ಏಳತೊಡಗಿ, ಟ್ಯಾಪೆಟ್‌ನ ಮುಖ ಹರಿದು, ಪುಡಿಯಾದ ಉಕ್ಕು ಎಣ್ಣೆಯ ಜೊತೆ ಎಲ್ಲೆಡೆ ಸುತ್ತುತ್ತದೆ. ಎಂಜಿನ್ ಎಲ್ಲಿ ನಿಂತಿತ್ತು ಎಂಬ ಪ್ರಶ್ನೆ ಇದಕ್ಕಾಗಿಯೇ. ಹೊಸೂರಿನ ಗಾಳಿ ಒಣದು, ಕಾಸರಗೋಡು ಮಂಗಳೂರಿನ ಕಡಲತೀರದ ಉಪ್ಪುಗಾಳಿ ಅಂಥದ್ದಲ್ಲ. ಅಮೆರಿಕದಲ್ಲೂ ಅರಿಜೋನಾದ ಮರುಭೂಮಿಯಲ್ಲಿ ನಿಂತದ್ದಕ್ಕೂ ಫ್ಲೋರಿಡಾದ ತೀರದಲ್ಲಿ ನಿಂತದ್ದಕ್ಕೂ ಅದೇ ಅಂತರ.

ಅಮೆರಿಕದ ವಿಮಾನಯಾನ ಸಂಸ್ಥೆಯಾದ ಎಫ್‌ಎಎ ಸಂಖ್ಯೆ ಕೊಟ್ಟು ಹೊರಡಿಸುವ ಕಡ್ಡಾಯ ಸುರಕ್ಷತಾ ಆದೇಶಗಳ ಪಟ್ಟಿಯನ್ನು ಎಂಜಿನ್‌ನ ಮಾದರಿ ಮತ್ತು ಕ್ರಮಸಂಖ್ಯೆ ಹಾಕಿ ನೀವೇ ತಯಾರಿಸಿ, ಲಾಗ್‌ಬುಕ್ ಜೊತೆ ಹೋಲಿಸಿ. ಲೈಕಮಿಂಗ್‌ಗೆ ಸಂಬಂಧಿಸಿ ಕೆಲವನ್ನಾದರೂ ಹುಡುಕಲೇಬೇಕು: ಎಣ್ಣೆ ಪಂಪಿನ ಗೇರ್ ಬಗ್ಗೆ 96-09-10, ನಾಲ್ಕು ಸಿಲಿಂಡರ್‌ನ ಕೆಲವು ಎಂಜಿನ್‌ಗಳ ಟೊಳ್ಳು ಕ್ರ್ಯಾಂಕ್‌ಶಾಫ್ಟ್‌ನ ಒಳಗಿನ ತುಕ್ಕಿನ ಬಗ್ಗೆ 98-02-08, ಪ್ರೊಪೆಲ್ಲರ್ ಬಡಿದ ಮೇಲೆ ಕ್ರ್ಯಾಂಕ್‌ಶಾಫ್ಟ್ ಗೇರ್ ಪರೀಕ್ಷೆಯ ಬಗ್ಗೆ 2004-10-14, ಕನೆಕ್ಟಿಂಗ್ ರಾಡ್‌ನ ಬುಷ್ ಬಗ್ಗೆ 2017-16-11. ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಇವು ಕಾನೂನಿನ ಪ್ರಕಾರ ಅನ್ವಯಿಸುತ್ತವೆಯೋ ಇಲ್ಲವೋ ಎಂಬ ವಾದಕ್ಕೆ ಇಳಿಯಬೇಡಿ. ಲೋಹಕ್ಕೆ ಆ ವಾದ ಗೊತ್ತಿಲ್ಲ.

ಪ್ರೊಪೆಲ್ಲರ್ ಎಂದಾದರೂ ನೆಲಕ್ಕೆ ಬಡಿದಿತ್ತೇ ಎಂಬ ಪ್ರಶ್ನೆಗೆ ಲಿಖಿತ ಉತ್ತರ ಪಡೆಯಿರಿ. ಲಾಗ್‌ಬುಕ್‌ನಲ್ಲಿ ಆ ಮಾತು ಇಲ್ಲದಿದ್ದರೂ, ಯಾವುದೋ ಒಂದು ದಿನ ದಿಢೀರನೆ ಹೊಸ ಪ್ರೊಪೆಲ್ಲರ್ ಕೂರಿಸಿದ ನಮೂದು ಇದ್ದರೆ ಅದೇ ಉತ್ತರವಾಗಿರಬಹುದು.

ಕಣ್ಣಾರೆ ನೋಡುವುದು, ಕೈಯಾರೆ ಅಳೆಯುವುದು

ಎಂಜಿನ್ ಇನ್ನೂ ವಿಮಾನದ ಮೇಲಿದ್ದು ಓಡುವ ಸ್ಥಿತಿಯಲ್ಲಿರುವಾಗಲೇ ನೋಡುವ ಅವಕಾಶ ಸಿಕ್ಕರೆ ಅದಕ್ಕಾಗಿ ಎಷ್ಟು ದೂರವಾದರೂ ಹೋಗಬಹುದು. ಬಿಸಿಯಾದ ಎಂಜಿನ್ ಮೇಲೆ ಮಾಡಿದ ಒತ್ತಡ ಸೋರಿಕೆ ಪರೀಕ್ಷೆಯೇ ನಂಬಲು ಯೋಗ್ಯ. ಇದರಲ್ಲಿ ಪಿಸ್ಟನ್ ಮೇಲ್ತುದಿಗೆ ಬಂದಾಗ ಸಿಲಿಂಡರ್‌ಗೆ 80 ಪಿಎಸ್‌ಐ (ಚದರ ಅಂಗುಲಕ್ಕೆ ಪೌಂಡ್) ಒತ್ತಡದ ಗಾಳಿ ಕೊಟ್ಟು, ಎಷ್ಟು ಹಿಡಿದು ನಿಲ್ಲುತ್ತದೆ ಎಂದು ಎರಡನೆಯ ಗೇಜ್‌ನಲ್ಲಿ ನೋಡುತ್ತಾರೆ. ನಾಲ್ಕೂ ಸಿಲಿಂಡರ್ 70ಕ್ಕಿಂತ ಮೇಲಿದ್ದು ಒಂದಕ್ಕೊಂದು ಹತ್ತಿರವಿದ್ದರೆ ಸಮಾಧಾನ. 65ಕ್ಕಿಂತ ಕೆಳಗಿಳಿದರೆ ಸವೆತ ಆಗಿದೆ ಎಂದು ಲೈಕಮಿಂಗ್ ಹೇಳುತ್ತದೆ. 60ಕ್ಕಿಂತ ಕೆಳಗಾದರೆ ಸಿಲಿಂಡರ್ ಬಿಚ್ಚುವ ಯೋಚನೆ ಮಾಡಬೇಕು. ಅಂಕಿಗಿಂತ ಹೆಚ್ಚಿನದನ್ನು ಕಿವಿ ಹೇಳುತ್ತದೆ: ಗಾಳಿಯ ಸುಯ್ ಸದ್ದು ಸೈಲೆನ್ಸರ್ ಕೊಳವೆಯಿಂದ ಬಂದರೆ ಎಕ್ಸಾಸ್ಟ್ ವಾಲ್ವ್, ಕಾರ್ಬುರೇಟರ್ ಬಾಯಿಂದ ಬಂದರೆ ಇಂಟೇಕ್ ವಾಲ್ವ್, ಎಣ್ಣೆ ಹಾಕುವ ಬಾಯಿಂದ ಬಂದರೆ ಪಿಸ್ಟನ್ ರಿಂಗ್. ಈ ಪರೀಕ್ಷೆಯಲ್ಲಿ ಪ್ರೊಪೆಲ್ಲರ್ ಒಮ್ಮೆಲೇ ತಿರುಗಿ ಕೈ ಮುರಿಯಬಲ್ಲದು. ಅನುಭವಿ ಮೆಕ್ಯಾನಿಕ್ ಗಟ್ಟಿಯಾಗಿ ಹಿಡಿದಿರದೆ ಗಾಳಿ ಬಿಡಲೇಬಾರದು. ಕಾಂಟಿನೆಂಟಲ್‌ಗೆ ಮಿತಿಗಳು ಬೇರೆ, ಪರೀಕ್ಷಾ ಸಾಧನದಲ್ಲಿರುವ ನಿಗದಿತ ರಂಧ್ರದ ಸೋರಿಕೆಯ ಜೊತೆ ಹೋಲಿಕೆ ಮಾಡಿ ನಿರ್ಧರಿಸುತ್ತಾರೆ.

ಕಿರಿದಾದ ರಂಧ್ರದೊಳಗೆ ತೂರಿಸಿ ನೋಡುವ ಪುಟ್ಟ ಕ್ಯಾಮೆರಾ, ಅಂದರೆ ಬೋರ್‌ಸ್ಕೋಪ್, ಈಗ ಅಗ್ಗವಾಗಿ ಸಿಗುವುದರಿಂದ ಸ್ಪಾರ್ಕ್ ಪ್ಲಗ್ ರಂಧ್ರದ ಮೂಲಕ ಒಳಗೆ ನೋಡದೆ ಕೊಳ್ಳುವುದಕ್ಕೆ ನೆಪವಿಲ್ಲ. ಸಿಲಿಂಡರ್ ಗೋಡೆಯ ಮೇಲೆ ಹೋನಿಂಗ್‌ನ, ಅಂದರೆ ಗೋಡೆಯನ್ನು ಉಜ್ಜಿ ಹದಗೊಳಿಸಿದಾಗ ಬಿದ್ದ, ಅಡ್ಡಗೆರೆಗಳು ಕಾಣಬೇಕು, ಕಂದು ಚುಕ್ಕೆಗಳು ಕಾಣಬಾರದು. ಎಕ್ಸಾಸ್ಟ್ ವಾಲ್ವ್‌ನ ಮುಖದ ಮೇಲಿನ ಬಣ್ಣ ನಡುವಿನಿಂದ ಅಂಚಿನವರೆಗೆ ವೃತ್ತಾಕಾರದಲ್ಲಿ ಸಮನಾಗಿರಬೇಕು. ಅಂಚಿನಲ್ಲಿ ಒಂದು ಕಡೆ ಮಾತ್ರ ಅರ್ಧಚಂದ್ರದಂತೆ ಬೇರೆ ಬಣ್ಣ ಕಂಡರೆ ಆ ಜಾಗದಲ್ಲಿ ವಾಲ್ವ್ ಸರಿಯಾಗಿ ಕೂರದೆ ಸುಡುತ್ತಿದೆ ಎಂದರ್ಥ.

ಎಣ್ಣೆ ಫಿಲ್ಟರ್ ಕೊಯ್ದು ತೋರಿಸಲು ಹೇಳಿ. ಡಬ್ಬಿಯನ್ನು ಗರಗಸದಿಂದ ಕೊಯ್ದರೆ ಅದರ ಪುಡಿಯೇ ಒಳಗೆ ಬೀಳುವುದರಿಂದ ಚಕ್ರದ ಕಟರ್ ಬಳಸಬೇಕು. ಒಳಗಿನ ಮಡಿಕೆ ಕಾಗದವನ್ನು ಬಿಡಿಸಿ, ಎಣ್ಣೆ ಹಿಂಡಿ, ಬಿಸಿಲಿಗೆ ಹಿಡಿದು ಒಂದೊಂದೇ ಮಡಿಕೆ ನೋಡಿ. ಕಪ್ಪು ಇಂಗಾಲದ ಕಣಗಳು ಬೆರಳಲ್ಲಿ ತಿಕ್ಕಿದರೆ ಪುಡಿಯಾಗುತ್ತವೆ, ಅವು ಸಹಜ. ಬೆಳ್ಳಿಯಂತೆ ಮಿನುಗುವ ಚೂರುಗಳ ಕೆಳಗೆ ಅಯಸ್ಕಾಂತ ಆಡಿಸಿ. ಅಂಟಿಕೊಂಡರೆ ಅದು ಉಕ್ಕು, ಮೊದಲ ಸಂಶಯ ಕ್ಯಾಮ್ ಮತ್ತು ಟ್ಯಾಪೆಟ್ ಮೇಲೆ. ಅಂಟದಿದ್ದರೆ ಅಲ್ಯೂಮಿನಿಯಮ್ ಇರಬಹುದು, ಪಿಸ್ಟನ್ ಪಿನ್‌ನ ತುದಿಯ ಮುಚ್ಚಳ ಸವೆಯುತ್ತಿರಬಹುದು. ಕ್ಯಾಮ್ ಬಗ್ಗೆ ಸಂಶಯ ಬಂದರೆ ಲೈಕಮಿಂಗ್‌ನಲ್ಲಿ ಒಂದು ಸಿಲಿಂಡರ್ ಬಿಚ್ಚಿ ನೋಡುವುದೇ ನೇರ ದಾರಿ. ಮಾರುವವರು ಒಪ್ಪದಿದ್ದರೆ ವ್ಯಾಪಾರ ಅಲ್ಲಿಗೆ ಬಿಡುವುದು ಮೇಲು.

ಎಂಜಿನ್ ಕೆಳಗಿಳಿಸಿದ್ದಾದರೆ ಕ್ರ್ಯಾಂಕ್‌ಶಾಫ್ಟ್‌ನ ತುದಿಯಲ್ಲಿ ಪ್ರೊಪೆಲ್ಲರ್ ಬಿಗಿಯುವ ಬಿಲ್ಲೆಯಾದ ಫ್ಲ್ಯಾಂಜ್‌ಗೆ ಡಯಲ್ ಗೇಜ್ ಇಡಿ. ಮ್ಯಾಗ್ನೆಟಿಕ್ ಸ್ಟ್ಯಾಂಡ್ ಅಲ್ಯೂಮಿನಿಯಮ್ ಕೇಸ್‌ಗೆ ಹಿಡಿಯುವುದಿಲ್ಲವಾದ್ದರಿಂದ ಉಕ್ಕಿನ ಪಟ್ಟಿಯೊಂದನ್ನು ಕೇಸ್‌ನ ಬೋಲ್ಟ್‌ಗೆ ಬಿಗಿದು ಅದರ ಮೇಲೆ ಸ್ಟ್ಯಾಂಡ್ ನಿಲ್ಲಿಸಬೇಕು. ಫ್ಲ್ಯಾಂಜ್‌ನ ಮುಖದ ಹೊರ ಅಂಚಿಗೆ ಗೇಜ್‌ನ ತುದಿ ತಾಗಿಸಿ, ಶಾಫ್ಟ್ ಹಿಂದೆಮುಂದೆ ಜಾರದಂತೆ ಒಂದೇ ಕಡೆಗೆ ಒತ್ತಿ ಹಿಡಿದು, ನಿಧಾನವಾಗಿ ಒಂದು ಪೂರ್ತಿ ಸುತ್ತು ತಿರುಗಿಸಿ. ಮುಳ್ಳು ಆಡಿದ ಒಟ್ಟು ಅಂತರವನ್ನು ತಯಾರಕರ ಅಳತೆ ಪಟ್ಟಿಯ ಮಿತಿಯ ಜೊತೆ ಹೋಲಿಸಿ. ಒತ್ತಿ ಹಿಡಿಯದೆ ಅಳೆದರೆ ಶಾಫ್ಟ್‌ನ ಜಾರಾಟವೂ ಸೇರಿ ಒಳ್ಳೆಯ ಶಾಫ್ಟ್ ಕೂಡ ಸೊಟ್ಟಗೆ ಕಾಣುತ್ತದೆ. ಅಳತೆ ಮಿತಿಯೊಳಗೆ ಬಂತೆಂದ ಮಾತ್ರಕ್ಕೆ ಪ್ರೊಪೆಲ್ಲರ್ ಬಡಿದ ಎಂಜಿನ್ ಶುದ್ಧವಾಗುವುದಿಲ್ಲ ಎಂಬುದನ್ನು ಮರೆಯಬಾರದು. ಬಿರುಕು ನೋಡಲು ಬಿಚ್ಚಿ ಕಾಂತೀಯ ಪರೀಕ್ಷೆಯನ್ನೇ ಮಾಡಿಸಬೇಕು.

ಕ್ರ್ಯಾಂಕ್‌ಕೇಸ್‌ನ ಎರಡು ಹೋಳುಗಳು ಜೋಡಿಯಾಗಿ ಯಂತ್ರಕ್ಕೆ ಹೋದಂಥವು, ಅವುಗಳ ಮೇಲಿನ ಜೋಡಿ ಸಂಖ್ಯೆ ತಾಳೆಯಾಗಬೇಕು. ಸಿಲಿಂಡರ್ ಬುಡದಲ್ಲೂ ಕೇಸ್‌ನ ಬೆನ್ನಿನಲ್ಲೂ ಎಣ್ಣೆ ಒಸರಿದ ಗೆರೆ ಕಂಡರೆ ಒರೆಸಿ, ಬಿರುಕು ಇದೆಯೇ ನೋಡಿ. ಮ್ಯಾಗ್ನೆಟೊಗಳಿಗೆ 500 ಗಂಟೆಗೊಮ್ಮೆ ಬಿಚ್ಚಿ ನೋಡುವ ಕ್ರಮವಿದೆ. ಅದರ ದಾಖಲೆ ಇಲ್ಲದಿದ್ದರೆ ಆ ಖರ್ಚು ನಿಮ್ಮದೇ. ಸ್ಟಾರ್ಟರ್, ಕಾರ್ಬುರೇಟರ್, ವೈರಿಂಗ್ ಸೇರಿದೆಯೋ ಇಲ್ಲವೋ ಎಂಬುದನ್ನು ಪಟ್ಟಿ ಮಾಡಿ ಸಹಿ ಹಾಕಿಸಿಕೊಳ್ಳಿ.

ರೋಟ್ಯಾಕ್ಸ್ ಕೊಳ್ಳುವವರು ಮುಖ್ಯವಾಗಿ ಕೇಳಬೇಕಾದದ್ದು ಐದು ವರ್ಷಕ್ಕೊಮ್ಮೆ ಆಗಬೇಕಾದ ರಬ್ಬರ್ ಭಾಗಗಳ ಬದಲಾವಣೆ, ಗೇರ್‌ಬಾಕ್ಸ್ ಪರೀಕ್ಷೆಯ ದಾಖಲೆ ಮತ್ತು ಕ್ರಮಸಂಖ್ಯೆಗೆ ಅನ್ವಯಿಸುವ ಓವರ್‌ಹಾಲ್ ಅವಧಿ. ಇತ್ತೀಚಿನವಕ್ಕೆ ಅದು 2000 ಗಂಟೆ ಅಥವಾ 15 ವರ್ಷ, ಹಳೆಯವಕ್ಕೆ ಕಡಿಮೆ.

ಬೆಲೆ, ಕರಾರು, ಸಾಗಣೆ

ಬೆಲೆ ನಿರ್ಧರಿಸಲು ಹೀಗೆ ಲೆಕ್ಕ ಹಾಕುತ್ತೇನೆ. ಗಂಟೆ ಪೂರ್ತಿ ಮುಗಿದ ಅದೇ ಮಾದರಿಯ ಎಂಜಿನ್ ಎಷ್ಟಕ್ಕೆ ಸಿಗುತ್ತದೆ ಎಂಬುದು ತಳದ ಬೆಲೆ. ಅದರ ಮೇಲೆ ಓವರ್‌ಹಾಲ್ ವೆಚ್ಚದಲ್ಲಿ ಉಳಿದ ಗಂಟೆಗಳ ಪಾಲನ್ನು ಸೇರಿಸಬೇಕು. 2000ದಲ್ಲಿ 1200 ಗಂಟೆ ಮುಗಿದಿದ್ದರೆ ಶೇಕಡ 40. ಹನ್ನೆರಡು ವರ್ಷ ದಾಟಿದ್ದರೆ ಈ ಪಾಲನ್ನು ಅರ್ಧಕ್ಕಿಂತಲೂ ಕೆಳಗಿಳಿಸುತ್ತೇನೆ. ವರ್ಷಗಟ್ಟಲೆ ನಿಂತದ್ದಾದರೆ ಪೂರ್ತಿ ತೆಗೆದುಹಾಕುತ್ತೇನೆ. ಮಾರುವವರಿಗೆ ಇದು ಕಠಿಣವೆನಿಸಬಹುದು, ಆದರೆ ಬಿಚ್ಚಿದ ಮೇಲೆ ಬರುವ ಬಿಲ್ಲು ಇದಕ್ಕಿಂತ ಕಠಿಣವಾಗಿರುತ್ತದೆ.

ಹೊರದೇಶದಿಂದ ತರಿಸುವುದಾದರೆ, ಮಾರಾಟಗಾರರಿಗೆ ಸಂಬಂಧವಿಲ್ಲದ ಪರವಾನಗಿ ಪಡೆದ ಮೆಕ್ಯಾನಿಕ್ ಒಬ್ಬರನ್ನು ಅಲ್ಲೇ ಗೊತ್ತುಮಾಡಿ, ಮೇಲೆ ಹೇಳಿದ ಪರೀಕ್ಷೆಗಳ ವರದಿ ಮತ್ತು ವಿಡಿಯೋ ಪಡೆಯಿರಿ. ಹಣವನ್ನು ಮಧ್ಯಸ್ಥರ ಖಾತೆಯಲ್ಲಿಟ್ಟು ವರದಿಯ ನಂತರವೇ ಬಿಡುಗಡೆ ಮಾಡಿಸಿ. ಹಾರಲು ಯೋಗ್ಯ ಎಂಬ ಪ್ರಮಾಣಪತ್ರ ಅಮೆರಿಕದಿಂದಾದರೆ ಎಫ್‌ಎಎ 8130-3, ಯುರೋಪಿನಿಂದಾದರೆ ಈಎಎಸ್‌ಎ ಫಾರ್ಮ್ 1. ನಿಮ್ಮ ಅನುಮತಿಗೆ ಅದು ಬೇಕೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ, ಸರಕು ಹೊರಟ ಮೇಲೆ ಅದನ್ನು ಹುಟ್ಟಿಸಲು ಬರುವುದಿಲ್ಲ. ಕಸ್ಟಮ್ಸ್ ಪಟ್ಟಿಯಲ್ಲಿ ವಿಮಾನದ ಪಿಸ್ಟನ್ ಎಂಜಿನ್‌ಗಳು 8407 10 ಶೀರ್ಷಿಕೆಯಡಿ ಬರುತ್ತವೆ. ಬಳಸಿದ ಸರಕು ಎಂಬುದನ್ನು ಮುಚ್ಚಿಡದೆ ಹೇಳಿ, ಆಮದಿನ ಷರತ್ತು ಮತ್ತು ಸುಂಕವನ್ನು ಕಸ್ಟಮ್ಸ್ ಏಜೆಂಟರಿಂದ ಬರಹದಲ್ಲಿ ತರಿಸಿಕೊಂಡ ಮೇಲೆ ಮುಂದುವರಿಯಿರಿ. ಹಡಗಿನಲ್ಲಿ ಚೆನ್ನೈಗೆ ಬರುವುದಾದರೆ ಸಂರಕ್ಷಣಾ ಎಣ್ಣೆ ತುಂಬಿಸಿ, ಸ್ಪಾರ್ಕ್ ಪ್ಲಗ್ ಜಾಗದಲ್ಲಿ ತೇವ ಹೀರುವ ಪ್ಲಗ್ ಹಾಕಿಸಿ, ಎಲ್ಲ ಬಾಯಿಗಳನ್ನೂ ಮುಚ್ಚಿಸಿ, ಗಾಳಿಯಾಡದ ಚೀಲದಲ್ಲಿ ಕಟ್ಟಿಸಬೇಕು. ಕಂಟೇನರ್‌ನ ಒಳಗೆ ರಾತ್ರಿ ಹನಿಗಟ್ಟುವ ನೀರು ಕೆಲವೇ ವಾರಗಳಲ್ಲಿ ಸಿಲಿಂಡರ್ ಗೋಡೆಯನ್ನು ಕೆಡಿಸಬಲ್ಲದು.

ಶೆಡ್ಡಿಗೆ ಬಂದ ಮೇಲೆ

ಪೆಟ್ಟಿಗೆ ಬಿಚ್ಚಿದ ದಿನವೇ ತೇವ ಹೀರುವ ಪ್ಲಗ್‌ಗಳ ಬಣ್ಣ ನೋಡಿ. ನೀಲಿ ಹರಳು ಗುಲಾಬಿಯಾಗಿದ್ದರೆ ಬದಲಾಯಿಸಿ, ಆಮೇಲೂ ನಿಯಮಿತವಾಗಿ ನೋಡುತ್ತಿರಿ, ಐಪ್ಪಸಿ ಕಾರ್ತಿಕದ (ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ) ಮಳೆಯಲ್ಲಿ ಇನ್ನೂ ಬೇಗಬೇಗ. ಬಂದ ನೆಂಟರೆಲ್ಲ ಪ್ರೊಪೆಲ್ಲರ್ ಹಿಡಿದು ತಿರುಗಿಸಲು ಬಿಡಬೇಡಿ. ಕೈಯಿಂದ ತಿರುಗಿಸಿದರೆ ಎಣ್ಣೆ ಹರಡುವುದಿಲ್ಲ, ಕ್ಯಾಮ್ ಮೇಲೆ ಉಳಿದಿದ್ದ ತೆಳು ಪದರವೂ ಒರೆಸಿ ಹೋಗುತ್ತದೆ. ಎಣ್ಣೆ ಮತ್ತು ಇಂಧನದ ರಬ್ಬರ್ ಕೊಳವೆಗಳನ್ನು ಅವು ಎಷ್ಟೇ ಚೆನ್ನಾಗಿ ಕಂಡರೂ ಹೊಸದಾಗಿ ಹಾಕಿ.

ಮೊದಲ ಬಾರಿ ಓಡಿಸುವ ಮುಂಚೆ ಸಂರಕ್ಷಣಾ ಎಣ್ಣೆ ಪೂರ್ತಿ ಬಸಿದು, ಹೊಸ ಎಣ್ಣೆ ತುಂಬಿ, ಪ್ರತಿ ಸಿಲಿಂಡರ್‌ನಿಂದ ಒಂದೊಂದು ಸ್ಪಾರ್ಕ್ ಪ್ಲಗ್ ತೆಗೆದು, ಎಣ್ಣೆ ಒತ್ತಡದ ಮುಳ್ಳು ಏಳುವವರೆಗೆ ಸ್ಟಾರ್ಟರ್‌ನಿಂದ ಬಿಟ್ಟುಬಿಟ್ಟು ತಿರುಗಿಸಿ. ಆಮೇಲೆ ಪ್ಲಗ್ ಹಾಕಿ, ವಿಮಾನವನ್ನು ಕಟ್ಟಿಹಾಕಿ, ಅಗ್ನಿಶಾಮಕ ಹಿಡಿದ ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿ ಓಡಿಸಿ. 30 ಸೆಕೆಂಡಿನೊಳಗೆ ಎಣ್ಣೆ ಒತ್ತಡ ಕಾಣದಿದ್ದರೆ ತಕ್ಷಣ ನಿಲ್ಲಿಸಿ. ಮೊದಲ ಹತ್ತು ಗಂಟೆಯ ಆಸುಪಾಸಿಗೆ ಒಮ್ಮೆ, ಇಪ್ಪತ್ತೈದಕ್ಕೆ ಇನ್ನೊಮ್ಮೆ ಫಿಲ್ಟರ್ ಕೊಯ್ದು ನೋಡಿ, ಎರಡೂ ಕಾಗದಗಳನ್ನು ತಾರೀಖು ಬರೆದ ಲಕೋಟೆಯಲ್ಲಿ ಲಾಗ್‌ಬುಕ್ ಜೊತೆಗೇ ಇಟ್ಟುಕೊಳ್ಳಿ. ಎರಡನೆಯದರಲ್ಲಿ ಲೋಹ ಮೊದಲನೆಯದಕ್ಕಿಂತ ಹೆಚ್ಚಿದ್ದರೆ ಕಾರಣ ಸಿಗುವವರೆಗೆ ಹಾರಾಟ ನಿಲ್ಲಿಸಿ.